ಕೆಂಗೂದಲ ಹಾಡುಗಾರನ ಊರು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಕ್ಷೆಯಲ್ಲಿ ಮಿಸಿಸಿಪಿ ಮಹಾನದಿಯ ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ದಕ್ಷಿಣಕ್ಕೆ ಇಳಿದರೆ, ಮೆಂಫಿಸ್ ನಗರದ ಎದುರಿಗೆ, ನದಿಯ ಪಶ್ಚಿಮ ದಡದಲ್ಲಿ, ಅರ್ಕನ್ಸಾ ಸಂಸ್ಥಾನ ಸಿಕ್ಕುತ್ತದೆ. ಅಲ್ಲಿಂದ ಪಡುವಣಕ್ಕೆ ಸುಮಾರು 90 ಮೈಲಿ ದೂರದಲ್ಲಿರುವುದು ನ್ಯೂಪೋರ್ಟ್ ಎಂಬ ಸಣ್ಣ ಊರು. ಜನಸಂಖ್ಯೆ ಸುಮಾರು 8,000. ಮೂಡಲಿಗೆ ಕಣ್ಣು ಹಾಯುವವರೆಗೂ ಸಮತಟ್ಟಾದ ಹೊಲಗಳು. ಒಂದು ಕಾಲಕ್ಕೆ ಹತ್ತಿ, ಈಗ ಹೆಚ್ಚಾಗಿ ಬತ್ತ ಮತ್ತು ಸೋಯಾ ಅವರೆ. ಪಡುವಣಕ್ಕೆ ಹೊರಳಿದರೆ ನೆಲ ಮೆಲ್ಲಮೆಲ್ಲನೆ ಏರುತ್ತ ಓಜಾರ್ಕ್ ಬೆಟ್ಟಗಳ ತಪ್ಪಲನ್ನು ಮುಟ್ಟುತ್ತದೆ. ಬಯಲು ಮುಗಿದು ಬೆಟ್ಟ ತೊಡಗುವ ಈ ಅಂಚಿನಲ್ಲಿ ವೈಟ್ ನದಿ ಸಾವಕಾಶವಾಗಿ ಹರಿಯುತ್ತದೆ.

ಈ ಊರಿನಲ್ಲಿ ಪ್ರವಾಸಿಯನ್ನು ಸೆಳೆಯುವ ಅರಮನೆಯಿಲ್ಲ, ಜಲಪಾತವಿಲ್ಲ, ಹೆಸರಾದ ದೇವಾಲಯವೂ ಇಲ್ಲ. ಆದರೂ ಇಂಗ್ಲೆಂಡಿನಿಂದಲೂ ಯೂರೋಪಿನ ಇತರ ದೇಶಗಳಿಂದಲೂ ಜನರು ಈ ಹೆಸರನ್ನು ಕೇಳಿಕೊಂಡು ಬರುವುದುಂಟು. ಅವರು ನೋಡಬಯಸುವುದು ಒಂದು ರಸ್ತೆಯನ್ನು. ಆ ರಸ್ತೆಯ ಬದಿಯಲ್ಲಿ ಒಂದಾನೊಂದು ಕಾಲದಲ್ಲಿ ಬೆಳಗಿನ ಜಾವದವರೆಗೂ ದೀಪವಾರದೆ ಇದ್ದ ನರ್ತನಗೃಹಗಳ ನೆಲೆಯನ್ನು. ಆ ಗೃಹಗಳಲ್ಲಿ ಕೂದಲಿಗೆ ಕೆಂಬಣ್ಣ ಬಳಿದುಕೊಂಡು ಕುಣಿದು ಹಾಡಿದ ಒಬ್ಬ ರೈತನ ಮಗನ ಊರನ್ನು. ಆತನ ಹೆಸರು ಸನ್ನಿ ಬರ್ಜೆಸ್.

ನದಿ ಕೊಟ್ಟುದು, ರೈಲು ತಂದುದು

ನ್ಯೂಪೋರ್ಟಿನಿಂದ ಕೆಲವೇ ಮೈಲಿ ಮೇಲಕ್ಕೆ, ಬ್ಲ್ಯಾಕ್ ನದಿ ಬಂದು ವೈಟ್ ನದಿಯನ್ನು ಕೂಡುವ ಸಂಗಮದಲ್ಲಿ ಜಾಕ್ಸನ್‌ಪೋರ್ಟ್ ಇದೆ. ಹಬೆಯ ದೋಣಿಗಳ ಕಾಲದಲ್ಲಿ ಅದೇ ದೊಡ್ಡ ಊರು, ಅದೇ ಕೌಂಟಿಯ ಮುಖ್ಯ ಸ್ಥಳ. ಅಲ್ಲಿ 1872ರಲ್ಲಿ ಕಟ್ಟಿದ ಇಟ್ಟಿಗೆಯ ನ್ಯಾಯಾಲಯದ ಕಟ್ಟಡ ಇಂದಿಗೂ ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತಿದೆ. ಆದರೆ ರೈಲುದಾರಿ ಆ ಊರನ್ನು ಬಿಟ್ಟು ನ್ಯೂಪೋರ್ಟಿನ ಮೇಲೆ ಹಾದಿತು. ರೈಲು ಹೋದ ಕಡೆಗೆ ವ್ಯಾಪಾರ ಹೋಯಿತು. ವ್ಯಾಪಾರ ಹೋದ ಕಡೆಗೆ ಕಚೇರಿಗಳೂ ಹೋದುವು. 1890ರ ದಶಕದ ಆರಂಭಕ್ಕೆ ಜಾಕ್ಸನ್‌ಪೋರ್ಟಿನ ಹಿರಿಮೆಯೆಲ್ಲ ನ್ಯೂಪೋರ್ಟಿಗೆ ವರ್ಗವಾಯಿತು.

ಅದೇ ದಶಕದಲ್ಲಿ ಈ ನದಿಗಳ ಚಿಪ್ಪುಗಳಲ್ಲಿ ಮುತ್ತು ದೊರೆಯುವುದೆಂಬ ಸುದ್ದಿ ಹಬ್ಬಿ, ಜನರು ಹೊಲಗೆಲಸವನ್ನು ಬಿಟ್ಟು ನೀರಿಗಿಳಿದರು. ಮುತ್ತು ಎಲ್ಲರಿಗೂ ದಕ್ಕಲಿಲ್ಲ. ಆದರೆ ಚಿಪ್ಪು ದಕ್ಕಿತು. ಅದನ್ನು ಕೊರೆದು ಅಂಗಿಯ ಗುಂಡಿಗಳನ್ನು ಮಾಡುವ ಕೈಗಾರಿಕೆ ಬೆಳೆಯಿತು. ಪ್ಲಾಸ್ಟಿಕ್ ಗುಂಡಿಗಳು ಬಂದ ಮೇಲೆ ಅದೂ ನಿಂತಿತು.

ಈ ಊರಿಗೆ ಇನ್ನೊಂದು ಭಾಗ್ಯ ಬಂದು ಕೈಜಾರಿದ ಕತೆಯೂ ಉಂಟು. 1945ರಲ್ಲಿ ಸ್ಯಾಮ್ ವಾಲ್ಟನ್ ಎಂಬ ತರುಣ ಇಲ್ಲಿ ಒಂದು ಚಿಲ್ಲರೆ ಸಾಮಾನಿನ ಅಂಗಡಿಯನ್ನು ಕೊಂಡು ಐದು ವರುಷ ಚೆನ್ನಾಗಿ ನಡೆಸಿದನು. ಗೇಣಿಯ ಅವಧಿ ಮುಗಿದಾಗ ಕಟ್ಟಡದ ಯಜಮಾನನು ಅದನ್ನು ಮುಂದುವರಿಸಲು ಒಪ್ಪಲಿಲ್ಲ. ವಾಲ್ಟನ್ 1950ರಲ್ಲಿ ಗಂಟುಮೂಟೆ ಕಟ್ಟಿ, ಅದೇ ಸಂಸ್ಥಾನದ ವಾಯವ್ಯ ಮೂಲೆಯ ಬೆಂಟನ್‌ವಿಲ್ ಎಂಬ ಊರಿಗೆ ಹೊರಟುಹೋದನು. ಮುಂದೆ 1962ರಲ್ಲಿ ವಾಲ್‌ಮಾರ್ಟ್ ಎಂಬ ಜಗದ್ವಿಖ್ಯಾತ ಅಂಗಡಿಗಳ ಸಾಲನ್ನು ತೊಡಗಿದವನು ಆತನೇ. ಊರು ಬಿಟ್ಟು ಹೋದವರು ಲೋಕವನ್ನು ಗೆದ್ದರೆಂಬುದಕ್ಕೆ ನ್ಯೂಪೋರ್ಟಿನಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಊರು ಬಿಡದೆ ಉಳಿದವನಿಗೆ ಏನು ದೊರೆಯಿತೆಂಬುದನ್ನು ತಿಳಿಯಬೇಕಾದರೆ ಬರ್ಜೆಸನ ಬಾಳನ್ನು ನೋಡಬೇಕು.

ಪಾನನಿಷೇಧವಿಲ್ಲದ ನೆಲ

ಅರ್ಕನ್ಸಾ ಸಂಸ್ಥಾನದಲ್ಲಿ ಮದ್ಯ ಮಾರಬಹುದೇ ಕೂಡದೇ ಎಂಬುದನ್ನು ಆಯಾ ಕೌಂಟಿಯ ಮತದಾರರೇ ನಿಶ್ಚಯಿಸುತ್ತಾರೆ. ಸುತ್ತಣ ಕೌಂಟಿಗಳಲ್ಲಿ ಬಹುಪಾಲು ಪಾನನಿಷೇಧವನ್ನು ಅಪ್ಪಿಕೊಂಡಿದ್ದಾಗ ನ್ಯೂಪೋರ್ಟ್ ಸೇರಿದ ಜಾಕ್ಸನ್ ಕೌಂಟಿ ಮಾತ್ರ ಬಾಗಿಲು ತೆರೆದಿಟ್ಟಿತ್ತು. ಇದರ ಫಲವನ್ನು ಊಹಿಸುವುದು ಕಷ್ಟವಲ್ಲ. ಶನಿವಾರ ಸಂಜೆಯಾಯಿತೆಂದರೆ ನಾಲ್ಕು ದಿಕ್ಕಿನ ಬಾಯಾರಿದವರೆಲ್ಲ ಮೋಟಾರುಗಳನ್ನು ಏರಿ ಈ ಕಡೆಗೆ ಹೊರಡುತ್ತಿದ್ದರು.

ಅವರು ಬರುತ್ತಿದ್ದ ಹಾದಿ 67ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಮೆಕ್ಸಿಕೊ ದೇಶದ ಗಡಿಯಲ್ಲಿ ಟೆಕ್ಸಾಸಿನಿಂದ ಹೊರಟು ಉತ್ತರದ ಅಯೋವಾದವರೆಗೂ ಹೋಗುವ ಈ ರಸ್ತೆ ನ್ಯೂಪೋರ್ಟಿನ ಮೈಮೇಲೆ ಹಾದುಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರ ಹತ್ತಿರ ಸೇನೆಯ ವಿಮಾನ ನಿಲ್ದಾಣವನ್ನೂ ಕಟ್ಟಿದ್ದರು. ರೈತರು, ಕೂಲಿಗಾರರು, ವಿಮಾನದ ಹುಡುಗರು, ಲಾರಿ ಚಾಲಕರು ಎಲ್ಲರಿಗೂ ಬೇಕಾದುದು ಮೂರು: ಕುಡಿಯಲು ಬಿಯರು, ಕುಣಿಯಲು ನೆಲ, ಕುಣಿಸಲು ವಾದ್ಯಗೋಷ್ಠಿ. ಇವು ಮೂರನ್ನೂ ಒದಗಿಸುವ ಗೃಹಗಳು ರಸ್ತೆಯುದ್ದಕ್ಕೂ ಎದ್ದುವು. ನ್ಯೂಪೋರ್ಟಿನಲ್ಲಿ ‘ಸಿಲ್ವರ್ ಮೂನ್’, ಮಾಳಿಗೆಯ ಮೇಲೆ ಕುಣಿಯುತ್ತಿದ್ದ ‘ಪೋರ್ಕೀಸ್ ರೂಫ್‌ಟಾಪ್’, ಉತ್ತರಕ್ಕೆ ಸ್ವಿಫ್ಟನ್ ಊರಿನ ಬಳಿ ಬಾಬ್ ಕಿಂಗನ ‘ಬಿ ಅಂಡ್ ಐ’. ಇವುಗಳಲ್ಲಿ ಸಿಲ್ವರ್ ಮೂನ್ ಅತ್ಯಂತ ವಿಶಾಲವಾದುದು. ನೂರಾರು ಜನರು ಒಟ್ಟಿಗೆ ಕೂಡಬಹುದಾಗಿತ್ತು.

ರಾಕಬಿಲಿ ಎಂಬ ಸಂಗೀತ ರೂಪುಗೊಂಡುದು ಇಂತಹ ಗೃಹಗಳಲ್ಲಿ. ಬೆಟ್ಟಗಾಡಿನ ಬಿಳಿಯ ರೈತರು ಪಿಟೀಲು, ಬ್ಯಾಂಜೊ, ಗಿಟಾರುಗಳೊಡನೆ ಹಾಡಿಕೊಂಡು ಬಂದ ಹಳ್ಳಿಯ ಹಾಡಿಗೆ ಪೇಟೆಯವರು ‘ಹಿಲ್‌ಬಿಲಿ’ ಎಂದು ಹಾಸ್ಯದ ಹೆಸರಿಟ್ಟಿದ್ದರು. ಹತ್ತಿಯ ಬಯಲಿನಲ್ಲಿ ದುಡಿದ ಕರಿಯ ಜನರದು ಬ್ಲೂಸ್. ಆ ದುಃಖದ ಹಾಡೇ ಹೆಜ್ಜೆ ಚುರುಕಾದಾಗ ರಿದಂ ಅಂಡ್ ಬ್ಲೂಸ್ ಎನಿಸಿತು. ಬೆಟ್ಟದ ಹಾಡೂ ಬಯಲಿನ ಹಾಡೂ ಕಲೆತು 1950ರ ದಶಕದ ನಡುವೆ ಹುಟ್ಟಿದ ಕೂಸೇ ‘ರಾಕ್’ ಮತ್ತು ‘ಹಿಲ್‌ಬಿಲಿ’ ಎಂಬ ಎರಡು ಮಾತುಗಳ ಜೋಡಣೆಯಿಂದಾದ ರಾಕಬಿಲಿ. ಆಳೆತ್ತರದ ಬೇಸ್ ವಾದ್ಯದ ತಂತಿಗಳನ್ನು ಮೀಟುವುದರ ಜೊತೆಗೆ ಅಂಗೈಯಿಂದ ಬಡಿಯುವುದು, ಗಿಟಾರಿನ ಕೆಚ್ಚು ದನಿ, ಬಿಕ್ಕಿದಂತೆ ನಡುನಡುವೆ ಮುರಿಯುವ ಕಂಠ ಇವು ಅದರ ಲಕ್ಷಣ. ಬೆಟ್ಟಕ್ಕೂ ಬಯಲಿಗೂ ನಡುವೆ ಇದ್ದ ನ್ಯೂಪೋರ್ಟಿನ ಬಾಲಕರಿಗೆ ಈ ಎರಡು ಹಾಡುಗಳೂ ಕಿವಿಗೆ ಬೀಳುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹಾಡುಗಳು ಕಲೆತಷ್ಟು ಸುಲಭವಾಗಿ ಜನರು ಕಲೆಯಲಿಲ್ಲವೆಂಬುದನ್ನೂ ಹೇಳಬೇಕು. ಆಗಿನ ಅರ್ಕನ್ಸಾದಲ್ಲಿ ಬಿಳಿಯರಿಗೂ ಕರಿಯರಿಗೂ ಶಾಲೆ ಬೇರೆ, ಉಪಾಹಾರದ ಮೇಜು ಬೇರೆ. 1955ರಲ್ಲಿ ಇದೇ 67ನೆಯ ಹೆದ್ದಾರಿಯ ಮೇಲಿನ ಹಾಕ್ಸಿ ಎಂಬ ಸಣ್ಣ ಊರಿನ ಶಾಲಾ ಮಂಡಲಿ ಕರಿಯ ಮಕ್ಕಳನ್ನು ಬಿಳಿಯ ಮಕ್ಕಳೊಡನೆ ಕೂರಿಸಲು ತಾನಾಗಿಯೇ ನಿಶ್ಚಯಿಸಿದಾಗ ಹೊರಗಿನಿಂದ ಬಂದವರು ದೊಡ್ಡ ಗದ್ದಲವನ್ನೆಬ್ಬಿಸಿದರು, ಮಂಡಲಿಯವರು ಮಣಿಯಲಿಲ್ಲ. ಎರಡು ವರುಷಗಳ ಮೇಲೆ, 1957ರಲ್ಲಿ, ಸಂಸ್ಥಾನದ ರಾಜಧಾನಿಯಾದ ಲಿಟ್ಲ್ ರಾಕಿನಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಪ್ರೌಢಶಾಲೆಯೊಳಗೆ ಕರೆದೊಯ್ಯಲು ಕೇಂದ್ರ ಸರಕಾರದ ಸೈನ್ಯವೇ ಬರಬೇಕಾಯಿತು. ಕರಿಯರ ತಾಳಕ್ಕೆ ಬಿಳಿಯ ಯುವಕರು ಹೆದ್ದಾರಿಯ ಬದಿಯಲ್ಲಿ ಕುಣಿಯುತ್ತಿದ್ದುದು ಇದೇ ವರುಷಗಳಲ್ಲಿ.

ರೈತನ ಮಗ

ಆಲ್ಬರ್ಟ್ ಆಸ್ಟಿನ್ ಬರ್ಜೆಸ್ 1929ರ ಮೇ 28ರಂದು ನ್ಯೂಪೋರ್ಟಿನ ಹತ್ತಿರದ ಒಂದು ಹೊಲಮನೆಯಲ್ಲಿ ಹುಟ್ಟಿದನು. ‘ಸನ್ನಿ’ ಎಂಬುದು ಮನೆಯವರು ಪ್ರೀತಿಯಿಂದ ಕರೆದ ಹೆಸರು. ಅದೇ ಕೊನೆಯವರೆಗೂ ನಿಂತಿತು. ಶನಿವಾರ ರಾತ್ರಿ ನ್ಯಾಶ್‌ವಿಲ್ಲಿನಿಂದ ಬಾನುಲಿಯಲ್ಲಿ ಬರುತ್ತಿದ್ದ ಹಳ್ಳಿಹಾಡುಗಳ ಕಾರ್ಯಕ್ರಮವೇ ಆತನ ಮೊದಲ ಸಂಗೀತ ಪಾಠ. 1948ರಲ್ಲಿ ನ್ಯೂಪೋರ್ಟಿನ ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿದನು. ಬಳಿಕ ಗೆಳೆಯರನ್ನು ಕೂಡಿಸಿಕೊಂಡು ‘ರಾಕಿ ರೋಡ್ ರ‍್ಯಾಂಬ್ಲರ್ಸ್’ ಎಂಬ ಸಣ್ಣ ಗೋಷ್ಠಿಯನ್ನು ಕಟ್ಟಿದನು. ಪಿಯಾನೊ ನುಡಿಸುವ ಕರ್ನ್ ಕೆನೆಡಿ, ಬೇಸ್ ಬಾರಿಸುವ ಜಾನಿ ರೇ ಹಬರ್ಡ್ ಆಗಿನಿಂದಲೇ ಜೊತೆಗಾರರು.

ಅಷ್ಟರಲ್ಲಿ ಸೇನೆಯ ಕರೆ ಬಂದಿತು. 1953ರಲ್ಲಿ ಸೇವೆ ಮುಗಿಸಿ ಊರಿಗೆ ಹಿಂದಿರುಗಿದವನು ಗೋಷ್ಠಿಯನ್ನು ಮರಳಿ ಕೂಡಿಸಿದನು. ಈ ಸಲದ ಹೆಸರು ‘ಮೂನ್‌ಲೈಟರ್ಸ್’. ಸಿಲ್ವರ್ ಮೂನ್ ನರ್ತನಗೃಹವೇ ಅವರ ನೆಲೆ. ಕುಣಿಯುವವರು ನಿಲ್ಲುವವರೆಗೂ ನುಡಿಸಬೇಕು. ನೆಲ ಬರಿದಾದರೆ ನುಡಿಸಿದುದು ವ್ಯರ್ಥ. ಆದುದರಿಂದ ಅವರ ಸಂಗೀತದಲ್ಲಿ ನಯನಾಜೂಕಿಗಿಂತ ಕಸುವು ಹೆಚ್ಚು.

1955ರಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಇಪ್ಪತ್ತರ ಹುಡುಗ ಮೆಂಫಿಸಿನಿಂದ ಈ ಹೆದ್ದಾರಿಯ ಮೇಲೆ ಹಲವು ಬಾರಿ ಬಂದು ಹಾಡಿಹೋದನು. ಅಂದಿಗಿನ್ನೂ ಆತ ದಕ್ಷಿಣದ ಕೆಲವು ಸಂಸ್ಥಾನಗಳಿಗಷ್ಟೆ ಪರಿಚಿತ. ಸಿಲ್ವರ್ ಮೂನ್‌ನಲ್ಲಿ ಆತನಿಗಿಂತ ಮೊದಲು ರಂಗವನ್ನೇರಿ ಸಭೆಯನ್ನು ಕಾಯಿಸಿದವರು ಬರ್ಜೆಸನ ಮೂನ್‌ಲೈಟರ್ಸ್. ಮುಂದೆ ಲೋಕವೆಲ್ಲ ಕೇಳಲಿದ್ದ ‘ಹಾರ್ಟ್‌ಬ್ರೇಕ್ ಹೊಟೆಲ್’ ಎಂಬ ಹಾಡನ್ನು ಪ್ರೆಸ್ಲಿ, ಅದು ಮುದ್ರಣವಾಗುವುದಕ್ಕೂ ಮುಂಚೆ, 1955ರ ಡಿಸೆಂಬರಿನಲ್ಲಿ ಸ್ವಿಫ್ಟನ್ ಬಳಿ ಹಾಡಿದನೆಂದು ಆ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಯೂನಿಯನ್ ಅವೆನ್ಯೂ, ನಂಬರು 706

ಪ್ರೆಸ್ಲಿಯ ಕಂಠವನ್ನು ಮೊದಲು ಹಿಡಿದವನು ಸ್ಯಾಮ್ ಫಿಲಿಪ್ಸ್. ಮೆಂಫಿಸಿನ ಯೂನಿಯನ್ ಅವೆನ್ಯೂ ಬೀದಿಯ 706ನೆಯ ನಂಬರಿನ ಪುಟ್ಟ ಕಟ್ಟಡದಲ್ಲಿ ಆತ 1950ರಲ್ಲಿ ಧ್ವನಿಮುದ್ರಣದ ಕೋಣೆಯನ್ನು ತೆರೆದು, 1952ರಲ್ಲಿ ‘ಸನ್’ ಎಂಬ ಮುದ್ರೆಯನ್ನು ಹೊರಡಿಸಿದ್ದನು. ಜಾನಿ ಕ್ಯಾಶ್, ಕಾರ್ಲ್ ಪರ್ಕಿನ್ಸ್, ಜೆರ‍್ರಿ ಲೀ ಲೂಯಿಸ್, ರಾಯ್ ಆರ್ಬಿಸನ್ ಇವರೆಲ್ಲ ಆ ಬಾಗಿಲನ್ನು ದಾಟಿ ಹೋದವರೇ. ಅದೇ ಬಾಗಿಲನ್ನು ಬರ್ಜೆಸನೂ ತಟ್ಟಿದನು. ಗೋಷ್ಠಿಯ ನಾದ ಇನ್ನಷ್ಟು ತುಂಬಿಕೊಂಡಿರಬೇಕೆಂದು ಫಿಲಿಪ್ಸ್ ಸೂಚಿಸಿದನಂತೆ.

ಬರ್ಜೆಸ್ ಊರಿಗೆ ಮರಳಿ ಗಿಟಾರಿನ ಜೋ ಲೂಯಿಸ್, ಟ್ರಂಪೆಟ್ ತುತ್ತೂರಿಯ ಜ್ಯಾಕ್ ನ್ಯಾನ್ಸ್ ಇವರನ್ನು ಸೇರಿಸಿಕೊಂಡನು. ಡ್ರಮ್ಮಿಗೆ ರಸ್ ಸ್ಮಿತ್. ಪೈಪರ್ ಪೇಸರ್ ಎಂಬ ಸಣ್ಣ ವಿಮಾನದ ಹೆಸರನ್ನು ಎತ್ತಿಕೊಂಡು ಗೋಷ್ಠಿಗೆ ‘ಪೇಸರ್ಸ್’ ಎಂದು ನಾಮಕರಣವಾಯಿತು. ರಾಕಬಿಲಿ ಗೋಷ್ಠಿಯಲ್ಲಿ ತುತ್ತೂರಿ ಇರುವುದು ಅಪರೂಪ. ಪೇಸರ್ಸ್ ಗೋಷ್ಠಿಯನ್ನು ಕಣ್ಣುಮುಚ್ಚಿಕೊಂಡೇ ಗುರುತಿಸಬಹುದಾದುದು ಅದರಿಂದ.

1956ರ ಮೇ ತಿಂಗಳಲ್ಲಿ ಅವರ ಮೊದಲ ತಟ್ಟೆಯ ಮುದ್ರಣವಾಯಿತು. ಒಂದು ಮಗ್ಗುಲಿಗೆ ‘ರೆಡ್ ಹೆಡೆಡ್ ವುಮನ್’, ಇನ್ನೊಂದು ಮಗ್ಗುಲಿಗೆ ‘ವಿ ವಾನ್ನಾ ಬೂಗಿ’. ಎರಡೂ ಬರ್ಜೆಸನ ಸ್ವಂತ ರಚನೆಗಳು. ಆ ತಟ್ಟೆಯನ್ನು ಇಂದು ಕೇಳಿದರೂ ನರ್ತನಗೃಹದ ಬಾಗಿಲು ಫಕ್ಕನೆ ತೆರೆದಂತಾಗುತ್ತದೆ. ಹಾಡುಗಾರ ಹಾಡುವುದಕ್ಕಿಂತ ಕೂಗುವುದೇ ಹೆಚ್ಚು. ಮಾತುಗಳು ಅರ್ಧಕ್ಕರ್ಧ ತಿಳಿಯವು. ಪಿಯಾನೊ ಗಿಟಾರುಗಳ ನಡುವೆ ತುತ್ತೂರಿ ನುಗ್ಗಿ ಬರುತ್ತದೆ. ಯಾರು ಯಾರನ್ನು ಓಡಿಸುತ್ತಿದ್ದಾರೆಂಬುದೇ ಗೊತ್ತಾಗದು. ಸಂಗೀತ ವಿದ್ವಾಂಸರು ಕಿವಿ ಮುಚ್ಚಿಕೊಂಡಿರಬಹುದು. ಆದರೆ ಸನ್ ಸಂಸ್ಥೆಯಿಂದ ಹೊರಟ ತಟ್ಟೆಗಳಲ್ಲಿ ಇಷ್ಟು ಕಾಡುಕಸುವಿನದು ಮತ್ತೊಂದಿಲ್ಲವೆಂದು ಬಲ್ಲವರು ಎಣಿಸುತ್ತಾರೆ. ಅದು 90,000 ಪ್ರತಿಗಳಷ್ಟು ಮಾರಾಟವಾಯಿತೆಂದು ಹೇಳಿಕೆ.

ಕೆಂಪು ಕೂದಲು, ಕೆಂಪು ಗಿಟಾರು

ಆಗಲೇ ಬರ್ಜೆಸ್ ಕೂದಲಿಗೆ ಕೆಂಬಣ್ಣ ಹಾಕಿಕೊಂಡುದು. ಕೆಂಪು ಉಡುಪು, ಕೆಂಪು ಗಿಟಾರು. ಅದಕ್ಕೆ ಮೇಲೆ ಕೆಂಪು ತಲೆ. ರಂಗದ ಮೇಲೆ ಆರು ಮಂದಿ ನುಡಿಸುತ್ತಲೇ ಒಬ್ಬರ ಮೇಲೊಬ್ಬರು ಏರಿ ಗೋಪುರ ಕಟ್ಟುವರು. ಒಬ್ಬನ ಮೈಮೇಲೆ ಹುಳು ಬಿದ್ದಂತೆ ನಟಿಸಿ ಅವನು ಒದ್ದಾಡುವನು, ಅದನ್ನು ಕಿತ್ತು ಮತ್ತೊಬ್ಬನ ಮೇಲೆ ಎಸೆದಂತೆ ಮಾಡುವನು, ಅವನೂ ಕುಣಿಯತೊಡಗುವನು. ವಾದ್ಯಗಳೊಡನೆ ರಂಗದಿಂದ ಸಭೆಯ ನಡುವಿಗೆ ನೆಗೆಯುವುದೂ ಇತ್ತು. ನೋಡಿದವರು ಮರೆಯುವ ಹಾಗಿರಲಿಲ್ಲ.

ಆದರೂ ದೊಡ್ಡ ಕೀರ್ತಿ ಬಾಗಿಲವರೆಗೂ ಬಂದು ಒಳಗೆ ಕಾಲಿಡಲಿಲ್ಲ. 1956ರಿಂದ ಮುಂದಿನ ಮೂರು ನಾಲ್ಕು ವರುಷಗಳಲ್ಲಿ ಫಿಲಿಪ್ಸ್ ಬರ್ಜೆಸನ ಐದು ತಟ್ಟೆಗಳನ್ನು ಹೊರತಂದನು. ಮುದ್ರಿಸಿಯೂ ಹೊರತರದೆ ಪೆಟ್ಟಿಗೆಯಲ್ಲಿ ಉಳಿಸಿದುವು ಇನ್ನೆಷ್ಟೋ. 1958ರಲ್ಲಿ ‘ಮೈ ಬಕೆಟ್ಸ್ ಗಾಟ್ ಎ ಹೋಲ್ ಇನ್ ಇಟ್’ ಎಂಬ ಹಳೆಯ ಹಾಡನ್ನು ಬರ್ಜೆಸ್ ಹೊಸ ಹುರುಪಿನಿಂದ ಹಾಡಿದಾಗ ಈ ಸಲವಾದರೂ ಗೆಲುವು ನಿಶ್ಚಯವೆನಿಸಿತ್ತು. ಅದೇ ವರುಷ, ಅದೇ ಹಾಡನ್ನು, ದೂರದರ್ಶನದಿಂದ ಮನೆಮನೆಗೂ ಪರಿಚಿತನಾಗಿದ್ದ ರಿಕಿ ನೆಲ್ಸನ್ ಹಾಡಿದನು. ದೇಶ ಕೇಳಿದುದು ನೆಲ್ಸನ್ನನ ತಟ್ಟೆಯನ್ನು.

ಜೊತೆಗಾರರೂ ಒಬ್ಬೊಬ್ಬರಾಗಿ ಚದುರಿದರು. ಜೋ ಲೂಯಿಸನೂ ಜ್ಯಾಕ್ ನ್ಯಾನ್ಸನೂ ಕಾನ್ವೇ ಟ್ವಿಟಿಯ ಗೋಷ್ಠಿಯನ್ನು ಸೇರಿದರು. ಟ್ವಿಟಿಯೂ ಅರ್ಕನ್ಸಾದ ಹೆಲೆನಾ ಪಟ್ಟಣದಲ್ಲಿ ಬೆಳೆದವನೇ. ಆತನೂ ನ್ಯಾನ್ಸನೂ ಕೂಡಿ ರಚಿಸಿದ ‘ಇಟ್ಸ್ ಓನ್ಲಿ ಮೇಕ್ ಬಿಲೀವ್’ ಎಂಬ ಹಾಡು 1958ರಲ್ಲಿ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಮೊದಲ ಸ್ಥಾನಕ್ಕೇರಿತು. ತನ್ನ ಪಕ್ಕದಲ್ಲಿ ತುತ್ತೂರಿ ಊದುತ್ತಿದ್ದ ಗೆಳೆಯನ ಹಾಡನ್ನು ಬರ್ಜೆಸ್ ಬಾನುಲಿಯಲ್ಲಿ ಕೇಳುವಂತಾಯಿತು.

ಲೇಸಿನ ವ್ಯಾಪಾರಿ

1960ರ ದಶಕದಲ್ಲಿ ಜನರ ರುಚಿ ಬದಲಾಯಿತು. 1964ರ ಸೆಪ್ಟೆಂಬರಿನಲ್ಲಿ ಬೀಟಲ್ಸ್ ತಂಡದ ನಾಲ್ವರು ವಿಶ್ರಾಂತಿಗೆಂದು ಹೋಗುತ್ತ ಇದೇ ಹೆದ್ದಾರಿಯ ವಾಲ್‌ನಟ್ ರಿಜ್ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಸುತ್ತಿನ ಹುಡುಗ ಹುಡುಗಿಯರೆಲ್ಲ ಅಲ್ಲಿಗೆ ಓಡಿದರು. ರಾಕಬಿಲಿಯ ಹಾಡುಗಾರರಿಂದಲೇ ಪಾಠ ಕಲಿತ ಬೀಟಲ್ಸರು ಆ ನೆಲದ ಮೇಲೆ ಕಾಲಿಟ್ಟಾಗ ಆ ಹಾಡುಗಾರರ ಅಂಗಡಿ ಹೆಚ್ಚುಕಡಿಮೆ ಮುಚ್ಚಿತ್ತು. ಹತ್ತಿಯನ್ನು ಬಿಡಿಸುವ ಯಂತ್ರಗಳು ಬಂದು ಹೊಲದ ಕೂಲಿಗಾರರು ನಗರಗಳಿಗೆ ತೆರಳಿದ್ದರು. ನರ್ತನಗೃಹಗಳಿಗೂ ಜನ ಕಡಿಮೆಯಾಯಿತು.

ಬರ್ಜೆಸ್ ಕೆಲಕಾಲ ಬೇರೆ ಗೋಷ್ಠಿಗಳೊಡನೆ ವಾರಾಂತ್ಯಗಳಲ್ಲಿ ನುಡಿಸಿದನು. ಕೊನೆಗೆ 1970ರ ದಶಕದಲ್ಲಿ ಗಿಟಾರನ್ನು ಕೆಳಗಿಟ್ಟನು. ಸಂಸಾರ ನಡೆಯಬೇಕು. ಸೇಂಟ್ ಲೂಯಿಸ್ ನಗರದ ಒಂದು ಸಂಸ್ಥೆಯ ಪರವಾಗಿ ಊರೂರು ತಿರುಗಿ ಲೇಸು, ಅಂಚುಪಟ್ಟಿ ಮುಂತಾದ ಹೊಲಿಗೆಯ ಸಾಮಾನುಗಳನ್ನು ಮಾರುವ ಕೆಲಸ ಹಿಡಿದನು. ಕೆಂಪು ಉಡುಪಿನಲ್ಲಿ ಸಂಚರಿಸಿದ ಹಾದಿಗಳಲ್ಲಿಯೇ ಮಾದರಿಯ ಪೆಟ್ಟಿಗೆಯನ್ನು ಹಿಡಿದು ಸಂಚರಿಸತೊಡಗಿದನು. ಅಂಗಡಿಯ ಗಲ್ಲೆಯ ಹಿಂದೆ ಕುಳಿತವರಲ್ಲಿ, ಈ ಸಭ್ಯ ವ್ಯಾಪಾರಿ ಒಂದು ಕಾಲಕ್ಕೆ ಎಲ್ವಿಸನೊಡನೆ ರಂಗ ಹಂಚಿಕೊಂಡವನೆಂದು ತಿಳಿದವರು ಎಷ್ಟು ಮಂದಿ ಇದ್ದರೋ!

ಇದನ್ನು ಸೋಲೆಂದು ಕರೆಯುವುದು ಸುಲಭ. ಆದರೆ ಆತನ ಸಮಕಾಲೀನರಲ್ಲಿ ಹಲವರು ಕೀರ್ತಿಯ ಬೆನ್ನಟ್ಟಿ ಕುಡಿತದಲ್ಲಿಯೂ ಮಾದಕ ದ್ರವ್ಯಗಳಲ್ಲಿಯೂ ಬಾಳನ್ನು ಸುಟ್ಟುಕೊಂಡರು. ಎಲ್ವಿಸ್ ಪ್ರೆಸ್ಲಿ 42 ವರುಷಕ್ಕೇ, 1977ರ ಆಗಸ್ಟ್ 16ರಂದು, ತೀರಿಕೊಂಡನು. ನ್ಯೂಪೋರ್ಟಿನ ವ್ಯಾಪಾರಿ ಸಂಸಾರವನ್ನು ಸಾಗಿಸಿಕೊಂಡು, ಹಳೆಯ ಗೆಳೆಯರೊಡನೆ ಮಾತುಬಿಡದೆ, ಊರಿನ ಮನುಷ್ಯನಾಗಿ ಉಳಿದನು. ಗಿಟಾರು ಮನೆಯಲ್ಲಿಯೇ ಇತ್ತು.

ಹಿತ್ತಲ ಗಿಡ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಅರ್ಕನ್ಸಾಕ್ಕೂ ಸಲ್ಲುತ್ತದೆ. ಬರ್ಜೆಸನ ಹಾಡುಗಳನ್ನು ಮೊದಲು ಹುಡುಕಿದವರು ಕಡಲಾಚೆಯವರು. 1969ರಲ್ಲಿ ಫಿಲಿಪ್ಸ್ ಸನ್ ಸಂಸ್ಥೆಯನ್ನು ಮಾರಿದ ಮೇಲೆ, 1970ರ ದಶಕದಿಂದ ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ಹಳೆಯ ಮುದ್ರಣಗಳನ್ನು ಮರಳಿ ಹೊರತರುವ ಕಾರ್ಯ ನಡೆಯಿತು. ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಹಾಡುಗಳೂ ಬೆಳಕು ಕಂಡುವು. ಪೇಸರ್ಸ್ ಗೋಷ್ಠಿಯ ಕಾಲಕ್ಕೆ ಹುಟ್ಟಿಯೇ ಇರದಿದ್ದ ತರುಣರು ಆ ತಟ್ಟೆಗಳನ್ನು ನಿಧಿಯಂತೆ ಕೂಡಿಡತೊಡಗಿದರು.

1980ರ ದಶಕದ ನಡುವೆ, ಸನ್ ಸಂಸ್ಥೆಯಲ್ಲಿ ಒಮ್ಮೆ ನುಡಿಸಿದ್ದ ಹಿರಿಯರು ಕೂಡಿ ‘ಸನ್ ರಿದಂ ಸೆಕ್ಷನ್’ ಎಂಬ ಗೋಷ್ಠಿಯನ್ನು ಕಟ್ಟಿದಾಗ ಬರ್ಜೆಸನಿಗೂ ಕರೆ ಬಂದಿತು. ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ನಡೆಸುವ ಜಾನಪದ ಉತ್ಸವದಲ್ಲಿ ಅವರು ನುಡಿಸಿದರು. ಸಭ್ಯರು ಮೂಗುಮುರಿದಿದ್ದ ಗದ್ದಲ ಮೂವತ್ತು ವರುಷಗಳೊಳಗೆ ದೇಶದ ಪರಂಪರೆಯ ಪಟ್ಟಿಗೆ ಸೇರಿತ್ತು! ಆ ಬಳಿಕ ಯೂರೋಪಿನ ಸಭೆಗಳಿಂದ ಆಮಂತ್ರಣಗಳು ಬಂದುವು. 1996ರಲ್ಲಿ ಬರ್ಜೆಸನ ಹೆಸರಿನಲ್ಲಿಯೇ ಹೊರಬಂದ ಸಂಪುಟವನ್ನು ಸಿದ್ಧಗೊಳಿಸಿದವನು ಬ್ರೂಸ್ ಸ್ಪ್ರಿಂಗ್‌ಸ್ಟೀನನ ಗೋಷ್ಠಿಯ ಗ್ಯಾರಿ ಟ್ಯಾಲೆಂಟ್. ಸ್ಪ್ರಿಂಗ್‌ಸ್ಟೀನನೇ ರಚಿಸಿದ ‘ಟೈಗರ್ ರೋಸ್’ ಎಂಬ ಹಾಡೂ ಅದರಲ್ಲಿತ್ತು.

ಊರಿನಲ್ಲಿ ಹಳೆಯ ಪೇಸರ್ಸ್ ಮತ್ತೆ ಕೂಡಿದರು. ಕರ್ನ್ ಕೆನೆಡಿ ಮತ್ತೆ ಪಿಯಾನೊ ಮುಂದೆ ಕುಳಿತನು. ಗೋಷ್ಠಿಯ ಹೆಸರಿಗೆ ‘ಲೆಜೆಂಡರಿ’ ಎಂಬ ವಿಶೇಷಣ ಸೇರಿತು. ಗೋಪುರ ಕಟ್ಟುವ ವಯಸ್ಸು ಕಳೆದಿದ್ದರೂ ಕೈಯ ಚುರುಕು ಹೋಗಿರಲಿಲ್ಲ. ವರುಷಕ್ಕೊಮ್ಮೆ ನ್ಯೂಪೋರ್ಟಿನ ಹಳೆಯ ರೈಲು ನಿಲ್ದಾಣದ ಬಳಿ ನಡೆಯುವ ‘ಡಿಪೋ ಡೇಸ್’ ಎಂಬ ಉತ್ಸವದಲ್ಲಿ ಅವರು ನುಡಿಸುವುದು ಪದ್ಧತಿಯಾಯಿತು. ಹತ್ತಿರದ ಜೋನ್ಸ್‌ಬರೋ ನಗರದ ವಿಶ್ವವಿದ್ಯಾನಿಲಯದ ಬಾನುಲಿಯಲ್ಲಿ ಬರ್ಜೆಸ್ ತನ್ನ ಮೊದಲ ತಟ್ಟೆಯ ಹಾಡಿನ ಹೆಸರನ್ನೇ ಹೊತ್ತ ಕಾರ್ಯಕ್ರಮವನ್ನೂ ನಡೆಸಿದನು. ಶನಿವಾರದ ರಾತ್ರಿ ಬಾನುಲಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದ ಹೊಲಮನೆಯ ಹುಡುಗ ಈಗ ತಾನೇ ಬಾನುಲಿಯಲ್ಲಿ ನುಡಿಯುವವನಾದನು.

ಹೆಸರಾದ ಹೆದ್ದಾರಿ

2009ರಲ್ಲಿ ಅರ್ಕನ್ಸಾ ಸಂಸ್ಥಾನದ ಶಾಸನಸಭೆ ಒಂದು ಕಾಯಿದೆಯ ಮೂಲಕ 67ನೆಯ ಹೆದ್ದಾರಿಯ ಈ ಭಾಗಕ್ಕೆ ‘ರಾಕ್ ಅಂಡ್ ರೋಲ್ ಹೆದ್ದಾರಿ’ ಎಂದು ಹೆಸರಿಟ್ಟಿತು. ಪಾನಗೃಹಗಳ ಸಾಲೆಂದು ಸಜ್ಜನರು ಕಣ್ಣು ತಪ್ಪಿಸಿ ಹೋಗುತ್ತಿದ್ದ ರಸ್ತೆಗೆ ಸರಕಾರವೇ ಫಲಕ ನೆಟ್ಟಿತು. ಆ ದಿನವನ್ನು ನೋಡಲು ಬರ್ಜೆಸ್ ಇದ್ದನು. 2017ರ ಆಗಸ್ಟ್ 18ರಂದು, 88ನೆಯ ವಯಸ್ಸಿನಲ್ಲಿ, ಆತ ಲಿಟ್ಲ್ ರಾಕಿನಲ್ಲಿ ಕಾಲವಾದನು. ಎಲ್ವಿಸನ ಸಾವಿಗೆ ನಲವತ್ತು ವರುಷ ತುಂಬಿ ಆಗ ಎರಡೇ ದಿನಗಳಾಗಿದ್ದುವು.

ಇಂದು ವಾಹನಗಳು ಧಾವಿಸುವುದು ಊರ ಹೊರಗಿನ ವಿಶಾಲವಾದ ಹೊಸ ದಾರಿಯಲ್ಲಿ. ಹಳೆಯ ದಾರಿಗೆ 367 ಎಂಬ ಬೇರೆ ಸಂಖ್ಯೆ ಬಂದಿದೆ. ಸಮಯವಿರುವ ಪ್ರವಾಸಿಗರು ಹೊಸ ದಾರಿಯನ್ನು ಬಿಟ್ಟು ಹಳೆಯದನ್ನು ಹಿಡಿಯುವುದು ಲೇಸು. ಹಳೆಯ ಸಿಲ್ವರ್ ಮೂನ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಅದೇ ಹೆಸರನ್ನು ಹೊತ್ತು ಹೊಸದೊಂದು ಎದ್ದಿತು. ಊರಿನಲ್ಲಿ ಈ ಹೆದ್ದಾರಿಯ ಹಾಡುಗಾರರ ನೆನಪಿಗೆಂದೇ ಪುಟ್ಟ ವಸ್ತುಸಂಗ್ರಹಾಲಯವೂ ಉಂಟು. ಉತ್ತರಕ್ಕೆ ವಾಲ್‌ನಟ್ ರಿಜ್‌ನಲ್ಲಿ ಬೀಟಲ್ಸರ ನೆನಪಿಗೆ ನಿಲ್ಲಿಸಿದ ಆಕೃತಿಗಳನ್ನೂ, ನೆಲದ ಮೇಲೆ ಗಿಟಾರಿನ ಆಕಾರದಲ್ಲಿ ಹಾಸಿದ ಕಾಲುಹಾದಿಯನ್ನೂ ನೋಡಬಹುದು. ಈ ಹೆದ್ದಾರಿಯಲ್ಲಿ ಹಾಡಿಹೋದವರನ್ನು ಅಲ್ಲಿ ಸ್ಮರಿಸಲಾಗಿದೆ.

ನ್ಯೂಪೋರ್ಟ್ ಕಳೆದುಕೊಂಡುದು ಬಹಳ. ಹಬೆಯ ದೋಣಿಗಳು ಹೋದುವು, ಚಿಪ್ಪಿನ ಗುಂಡಿಗಳು ಹೋದುವು, ಹತ್ತಿಯ ಕೂಲಿಗಾರರು ಹೋದರು, ಲೋಕದ ಅತ್ಯಂತ ದೊಡ್ಡ ವರ್ತಕನಾಗಲಿದ್ದವನೂ ಬಾಡಿಗೆಯ ಮಾತಿನಲ್ಲಿ ಕೈಬಿಟ್ಟು ಹೋದನು. ಊರಿನ ಹೆಸರನ್ನು ಇಂದು ದೂರದೇಶದವರ ಬಾಯಲ್ಲಿ ಉಳಿಸಿರುವುದು ಇವಾವುವೂ ಅಲ್ಲ. ಒಬ್ಬ ರೈತನ ಮಗ ತನ್ನ ಐದು ಮಂದಿ ಗೆಳೆಯರೊಡನೆ ಮೆಂಫಿಸಿಗೆ ಹೋಗಿ, ಒಂದು ಪುಟ್ಟ ಕೋಣೆಯಲ್ಲಿ ಕೂಗಿ ಹಾಡಿ, ಅದೇ ಹಾದಿಯಲ್ಲಿ ಮನೆಗೆ ಹಿಂದಿರುಗಿದ ಒಂದು ತಟ್ಟೆ ಅದನ್ನು ಉಳಿಸಿದೆ.